ಮಧುಮೇಹವೂ ಮಲೆನಾಡಿನ ಊಟದೆಲೆಯೂ

ಸಂಸ್ಕೃತದಲ್ಲಿ ‘ಮಿಹ್’ ಎಂಬುದೊಂದು ಧಾತುವುಂಟು. ಸುರಿಸುವುದು, ತೋಯಿಸುವುದು ಎಂದು ಅದರ ಅರ್ಥ. ನೀರನ್ನು ಸುರಿಸುವುದರಿಂದ ಮೋಡಕ್ಕೆ ‘ಮೇಘ’ವೆಂಬ ಹೆಸರು ಬಂದಿತು, ಆ ಧಾತುವಿನಿಂದಲೇ ‘ಮೇಹ’ವೆಂಬ ರೋಗದ ಹೆಸರೂ ನಿಷ್ಪನ್ನವಾಯಿತು. ಜ್ಯೇಷ್ಠದಿಂದ ಭಾದ್ರಪದದವರೆಗೆ ಮೇಘದ ಕೆಳಗೇ ಬಾಳುವ ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಯ ಜನಕ್ಕೆ ಈ ಎರಡು ಪದಗಳ ದಾಯಾದಿತನವನ್ನು ತಿಳಿಸಿದರೆ ಒಮ್ಮೆ ನಕ್ಕಾರು. ಆದರೆ ಇಂದು ಆ ಸೀಮೆಯ ಜಗಲಿಯಲ್ಲಿ ನಾಲ್ವರು ಹಿರಿಯರು ಕುಳಿತರೆ, ಮಳೆಯ ಮಾತು ಮುಗಿದೊಡನೆ ಬರುವ ಮಾತು ಸಕ್ಕರೆ ಕಾಯಿಲೆಯದೇ ಎಂಬುದನ್ನು ಬಲ್ಲವರು ಬಲ್ಲರು.

‘ಸಕ್ಕರೆ’ಯೂ ಕುತೂಹಲಕಾರಿಯಾದ ಶಬ್ದವೇ. ‘ಶರ್ಕರಾ’ ಎಂದರೆ ಮೊದಲಿಗೆ ಹರಳು ಮರಳು, ನೊರಜುಗಲ್ಲು. ಕಬ್ಬಿನ ಹಾಲನ್ನು ಕಾಯಿಸಿ ಹರಳುಗಟ್ಟಿಸುವ ವಿದ್ಯೆ ಈ ದೇಶದಲ್ಲಿ ಬೆಳೆದಾಗ ಆ ಹರಳಿಗೂ ಅದೇ ಹೆಸರಾಯಿತು. ಪ್ರಾಕೃತದ ಮೂಲಕ ಅದು ಕನ್ನಡಕ್ಕೆ ಬಂದು ಸಕ್ಕರೆಯಾಯಿತು. ಪಾರಸಿ, ಅರಬ್ಬೀ ಭಾಷೆಗಳ ಮೂಲಕ ಪಶ್ಚಿಮಕ್ಕೆ ಹೋಗಿ ‘ಶುಗರ್’ ಆಯಿತು. ಈಗ ಅದೇ ಶಬ್ದ ರೋಗದ ಹೆಸರಾಗಿ ತವರಿಗೆ ಮರಳಿದೆ. ‘ಅವರಿಗೆ ಶುಗರ್ ಉಂಟು’ ಎಂದರೆ ಡಬ್ಬಿಯಲ್ಲಿ ಉಂಟೆಂದು ಯಾರೂ ತಿಳಿಯುವುದಿಲ್ಲ.

ನಮ್ಮ ಪ್ರಾಚೀನರು ಈ ರೋಗವನ್ನು ಕಂಡುದು ಸಾಮಾನ್ಯವಾದ ಕಾಣ್ಕೆಯಲ್ಲ. ಚರಕಸಂಹಿತೆ ಪ್ರಮೇಹವನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿ, ಕಫದಿಂದ ಹತ್ತು, ಪಿತ್ತದಿಂದ ಆರು, ವಾತದಿಂದ ನಾಲ್ಕು ಎಂದು ಎಣಿಸಿ, ಮಧುಮೇಹವನ್ನು ಆ ಕೊನೆಯ ನಾಲ್ಕರಲ್ಲಿ ಸೇರಿಸಿತು. ರೋಗಿಯ ಮೈಗೂ ಮೂತ್ರಕ್ಕೂ ಇರುವೆ ಮುತ್ತುವುದನ್ನು ಪೂರ್ವರೂಪವೆಂದು ಗುರುತಿಸಿತು. ಕೊಬ್ಬಿದ ಬಲಶಾಲಿಯಾದ ಪ್ರಮೇಹಿ ಬೇರೆ, ಕೃಶನಾದ ದುರ್ಬಲ ಪ್ರಮೇಹಿ ಬೇರೆ, ಇಬ್ಬರಿಗೂ ಒಂದೇ ಚಿಕಿತ್ಸೆ ಸಲ್ಲದು ಎಂದು ವಿವೇಚಿಸಿತು. ಸುಶ್ರುತನು ಹುಟ್ಟಿನಿಂದ ಬಂದುದು, ಅಪಥ್ಯದಿಂದ ಬಂದುದು ಎಂದು ಇಬ್ಭಾಗ ಮಾಡಿದನು. ಬಡ ರೋಗಿಗೆ ಅವನು ವಿಧಿಸಿದ ಚಿಕಿತ್ಸೆಯಂತೂ ವಿಲಕ್ಷಣವಾದುದು: ಕೆರವಿಲ್ಲದೆ, ಕೊಡೆಯಿಲ್ಲದೆ, ಭಿಕ್ಷಾನ್ನವನ್ನು ಉಂಡು, ಒಂದೂರಿನಲ್ಲಿ ಒಂದೇ ರಾತ್ರಿ ತಂಗಿ, ಮುನಿಯ ಹಾಗೆ ನೂರು ಯೋಜನ ನಡೆಯಬೇಕು, ಇಲ್ಲವೇ ಬಾವಿ ತೋಡಬೇಕು. ವ್ಯಾಯಾಮವನ್ನು ಇಷ್ಟು ಬಿಗಿಯಾಗಿ ಬರೆದುಕೊಟ್ಟ ವೈದ್ಯರು ಇಂದಿಗೂ ವಿರಳ.

ಇಷ್ಟನ್ನು ಓದಿ ‘ಎಲ್ಲವೂ ನಮ್ಮಲ್ಲಿತ್ತು’ ಎಂದು ಮೀಸೆ ತಿರುವುವ ಪಂಡಿತವರ್ಗವೂ ಉಂಟು. ಅದು ಗ್ರಂಥಕ್ಕೂ ಮಾಡುವ ಅಪಚಾರ. ರಕ್ತದಲ್ಲಿ ಸಕ್ಕರೆಯ ಅಂಶ ನೂರು ಮಿಲಿಲೀಟರಿಗೆ ಸುಮಾರು ೧೮೦ ಮಿಲಿಗ್ರಾಮಿನ ಕಟ್ಟೆಯನ್ನು ದಾಟಿದ ಮೇಲೆಯೇ ಅದು ಮೂತ್ರಕ್ಕೆ ತುಳುಕುವುದು. ಬೆಳಗಿನ ಬರಿಹೊಟ್ಟೆಯಲ್ಲಿ ೧೨೬ ಮುಟ್ಟಿದರೆ ರೋಗವೆಂದು ೧೯೯೭ರಿಂದ ವೈದ್ಯಲೋಕ ಎಣಿಸುತ್ತ ಬಂದಿದೆ. ಅಂದರೆ ಇರುವೆ ಬಂದು ಸಾಕ್ಷಿ ನುಡಿಯುವ ಹೊತ್ತಿಗೆ ಕಳ್ಳ ಮನೆಯೊಳಗೆ ಬಿಡಾರ ಹೂಡಿ ಎಷ್ಟೋ ಕಾಲವಾಗಿರುತ್ತದೆ. ಮೂತ್ರದ ಸಿಹಿಯನ್ನು ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ೧೬೭೪ರಲ್ಲಿ ಬರೆದದ್ದೂ, ಆ ಸಿಹಿ ಸಕ್ಕರೆಯೇ ಎಂದು ಮ್ಯಾಥ್ಯೂ ಡಾಬ್ಸನ್ ೧೭೭೬ರಲ್ಲಿ ತೋರಿಸಿದ್ದೂ ಈ ಮಾತಿಗೆ ಹೊರತಲ್ಲ.

ಮೇಳಿಗೆಯ ಆಸುಪಾಸಿನಲ್ಲಿ, ಅನಂತನಾಥ ಬಸದಿಯಿಂದ ಹೆಚ್ಚು ದೂರವಲ್ಲದ ಒಂದು ತೋಟದ ಮನೆಯಲ್ಲಿ, ಎಂಬತ್ತು ದಾಟಿದ ನಿವೃತ್ತ ಗಣಿತೋಪಾಧ್ಯಾಯರೊಬ್ಬರಿದ್ದಾರೆ. ಹೆಸರು ಅಚ್ಚಾಗಕೂಡದೆಂದು ಅವರ ಕಟ್ಟಪ್ಪಣೆ; ಊರವರು ಕರೆಯುವಂತೆ ‘ಮೇಷ್ಟ್ರು’ ಎಂದರೆ ಸಾಕು. ಅವರಿಗೆ ಈ ರೋಗ ಕಾಣಿಸಿಕೊಂಡದ್ದು ೧೯೮೪ರ ಬೇಸಗೆಯಲ್ಲಿ. ಬಾಯಾರಿಕೆ, ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋಗುವುದು, ಷರಟು ಸಡಿಲವಾಗುವುದು ಇವನ್ನು ಪರೀಕ್ಷೆಯ ಉತ್ತರಪತ್ರಿಕೆಗಳ ಆಯಾಸವೆಂದು ಅವರು ತಳ್ಳಿಹಾಕಿದ್ದರು. ಬಚ್ಚಲಿನ ಹಿಂದೆ ಇರುವೆಯ ಸಾಲನ್ನು ಕಂಡವರು ಅವರ ಮನೆಯಾಕೆ. ಚರಕನ ಹೆಸರನ್ನೂ ಕೇಳದ ಆ ತಾಯಿ, “ಇದೇನೋ ಸರಿಯಿಲ್ಲ, ಡಾಕ್ಟ್ರಿಗೆ ತೋರಿಸಿ ಬನ್ನಿ” ಎಂದು ಹಟ ಹಿಡಿದುದರಿಂದ ರೋಗ ಹೊರಬಿದ್ದಿತು.

ಆ ಕಾಲದಲ್ಲಿ ಮನೆಯಲ್ಲಿ ಮಾಡಿಕೊಳ್ಳಬಹುದಾದ ಪರೀಕ್ಷೆ ಬೆನೆಡಿಕ್ಟ್ ದ್ರಾವಣದ್ದು. ಐದು ಮಿಲಿಲೀಟರ್ ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಬಿಟ್ಟು ಕಾಯಿಸಬೇಕು. ಬಣ್ಣ ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ, ಹಸುರಾದರೆ ಅಲ್ಪ, ಹಳದಿ, ಕಿತ್ತಳೆಗಳಾಚೆ ಇಟ್ಟಿಗೆಯ ಕೆಂಪಿಗೆ ಹೋದರೆ ವಿಪರೀತ. ಶಾಲೆಯ ವಿಜ್ಞಾನದ ಉಪಾಧ್ಯಾಯರು ಎರಡು ಪ್ರನಾಳಗಳನ್ನೂ ಒಂದು ಸ್ಪಿರಿಟ್ ದೀಪವನ್ನೂ ಕೊಟ್ಟರು. ಆ ನೀಲಿ ಯಾವುದರದೆಂದು ಮೇಷ್ಟ್ರು ಕೇಳಿ ತಿಳಿದಾಗ ಅವರಿಗೆ ಆದ ಹರ್ಷ ಅಷ್ಟಿಷ್ಟಲ್ಲ: ಅದು ತಾಮ್ರದ ಲವಣ, ಮೈಲುತುತ್ತ! ಅಡಿಕೆಯ ಕೊಳೆರೋಗಕ್ಕೆ ಸುಣ್ಣದೊಡನೆ ಬೆರೆಸಿ ಬೋರ್ಡೋ ದ್ರಾವಣವಾಗಿ ಮಳೆಗಾಲದ ಮೊದಲಲ್ಲಿ ಗೊನೆಗಳಿಗೆ ಸಿಂಪಡಿಸುವ ಮೈಲುತುತ್ತವೇ ತೋಟದವನ ಮೂತ್ರದ ಗುಟ್ಟನ್ನೂ ಹೊರಗೆಡಹುತ್ತದೆ. ಅಂದಿನಿಂದ ಒಂದು ನೋಟುಪುಸ್ತಕ ಆರಂಭವಾಯಿತು. ಎಡಕ್ಕೆ ತಾರೀಖು, ನಡುವೆ ಉಂಡದ್ದು, ಬಲಕ್ಕೆ ಬಣ್ಣದ ಮೊದಲ ಅಕ್ಷರ: ನೀ, ಹ, ಕಿ, ಕೆಂ. ಹಬ್ಬದ ಮರುದಿನಗಳಲ್ಲೆಲ್ಲ ‘ಕೆಂ’. ಚೌತಿಯ ಮರುದಿನದ ಸಾಲಿನಲ್ಲಿ ‘ಕೆಂ’ ಕಾರದ ಪಕ್ಕ ಅವರು ಉದ್ಗಾರಚಿಹ್ನೆಯನ್ನೂ ಹಾಕಿದ್ದಾರೆ.

ಬಣ್ಣ ಹೇಳುವುದು ಕಳೆದ ಕೆಲವು ಗಂಟೆಗಳ ಹಳೆಯ ಸುದ್ದಿ. ಕಟ್ಟೆಯ ಕೆಳಗೆ ನಡೆಯುವುದನ್ನು ಅದು ಹೇಳಲಾರದು. ಒಂದು ತೊಟ್ಟು ರಕ್ತದಿಂದ ಸಕ್ಕರೆಯನ್ನು ಅಂದಾಜು ಮಾಡುವ ಕಾಗದದ ಪಟ್ಟಿ ೧೯೬೫ರ ಸುಮಾರಿಗೆ ಅಮೆರಿಕದಲ್ಲಿ ಬಂದಿತ್ತಾದರೂ, ಮನೆಯಲ್ಲಿ ಇಟ್ಟುಕೊಳ್ಳುವ ಗ್ಲೂಕೋಮೀಟರ್ ಮೇಳಿಗೆಯ ಆ ಜಗಲಿಗೆ ತಲುಪಿದುದು ಮೂವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ. ಪಟ್ಟಿಯ ಮೇಲೆ ಲೇಪಿಸಿದ ಕಿಣ್ವವೊಂದು ಗ್ಲೂಕೋಸಿನೊಡನೆ ಮಾತ್ರ ವರ್ತಿಸಿ ಅತ್ಯಲ್ಪ ವಿದ್ಯುತ್ತನ್ನು ಹುಟ್ಟಿಸುತ್ತದೆ. ಯಂತ್ರ ಅದನ್ನು ಅಳೆದು ಅಂಕಿ ಹೇಳುತ್ತದೆ. ಆಷಾಢದ ತೇವಕ್ಕೆ ಉಪ್ಪು ನೀರಾಗುವ ಊರಿನಲ್ಲಿ ಪಟ್ಟಿಯ ಡಬ್ಬಿಯ ಮುಚ್ಚಳ ಒಂದು ಗಳಿಗೆ ತೆರೆದಿದ್ದರೂ ಅಂಕಿ ಸುಳ್ಳಾದೀತೆಂಬುದನ್ನು ಮೇಷ್ಟ್ರು ಮೊದಲ ಮಳೆಗಾಲದಲ್ಲೇ ಕಲಿತರು.

ಇನ್ನೊಂದು ಪರೀಕ್ಷೆ, ಸಾಮಾನ್ಯವಾಗಿ ‘ಮೂರು ತಿಂಗಳ ಶುಗರ್’ ಎಂದು ಕರೆಯುವ ಎಚ್‌ಬಿಎ೧ಸಿ. ಕೆಂಪು ರಕ್ತಕಣ ಸುಮಾರು ೧೨೦ ದಿನ ಬದುಕುತ್ತದೆ. ಅಷ್ಟು ದಿನವೂ ಅದು ಸಕ್ಕರೆಯ ನೀರಿನಲ್ಲಿ ಈಜಿ, ಅದರೊಳಗಿನ ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿತೆಂಬುದರಿಂದ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ. ಮಧುಮೇಹಿಗಳಲ್ಲಿ ಈ ಹಿಮೋಗ್ಲೋಬಿನ್ ಹೆಚ್ಚಿರುವುದನ್ನು ೧೯೬೦ರ ದಶಕದ ಕೊನೆಯಲ್ಲಿ ಗುರುತಿಸಿದವರು ಇರಾನಿನ ಸಾಮುವೆಲ್ ರಹಬರ್. ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳ ಹಾನಿ ತಗ್ಗುತ್ತದೆಂಬುದು ಚಿಕ್ಕ ವಯಸ್ಸಿನಲ್ಲಿ ಬರುವ ಬಗೆಯವರಲ್ಲಿ ೧೯೯೩ರಲ್ಲಿಯೂ, ನಡುವಯಸ್ಸಿನ ಬಗೆಯವರಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ ಬ್ರಿಟನ್ನಿನ ಅಧ್ಯಯನದಿಂದ ೧೯೯೮ರಲ್ಲಿಯೂ ಸ್ಥಿರಪಟ್ಟಿತು. ಆದರೂ ಮೇಷ್ಟ್ರಿಗೆ ಸರಾಸರಿಯ ಮೇಲೆ ವಿಶ್ವಾಸ ಸಾಲದು. “ಆಗುಂಬೆಯ ಮಳೆಯ ವಾರ್ಷಿಕ ಸರಾಸರಿಯನ್ನು ಓದಿದವನು ಮಾಘಮಾಸದಲ್ಲೂ ಕೊಡೆ ಹಿಡಿದು ನಡೆದಾನು” ಎಂಬುದು ಅವರ ಆಕ್ಷೇಪ. ರಕ್ತಹೀನತೆಯಿದ್ದವರಲ್ಲಿ ಈ ಅಂಕಿ ದಾರಿ ತಪ್ಪಿಸಬಹುದೆಂಬುದೂ ನಿಜ. ಆದ್ದರಿಂದ ಸರಾಸರಿಯೂ ಬೇಕು, ಬಿಡಿ ಅಂಕಿಯೂ ಬೇಕು.

ಮೇಷ್ಟ್ರಿಗಿಂತ ಆರು ವರ್ಷ ಕಿರಿಯನಾದ ತಮ್ಮನೊಬ್ಬನಿದ್ದನು. ಗದ್ದೆ ತೋಟಗಳನ್ನು ನೋಡಿಕೊಂಡಿದ್ದ ದೃಢಕಾಯ. ಅವನಿಗೂ ೧೯೯೬ರಲ್ಲಿ ರೋಗ ಬಂತು. ಕೆಲವು ವರ್ಷ ಮಾತ್ರೆ ನುಂಗಿ, ಬಳಿಕ ಯಾರೋ ಕೊಟ್ಟ ಬೇರಿನ ಪುಡಿಯನ್ನು ನಂಬಿ ಮಾತ್ರೆ ಬಿಟ್ಟನು. “ಇಂಗ್ಲಿಷ್ ಮಾತ್ರೆ ಉಷ್ಣ, ಗಿಡಮೂಲಿಕೆ ತಂಪು” ಎಂಬುದು ಅವನ ವಾದ. ಆ ಇಂಗ್ಲಿಷ್ ಮಾತ್ರೆಯ ವಂಶವೃಕ್ಷವೂ ಒಂದು ಗಿಡದ ಬುಡಕ್ಕೇ ಹೋಗಿ ನಿಲ್ಲುತ್ತದೆಂಬುದು ಅವನಿಗೆ ತಿಳಿಯದು. ಯೂರೋಪಿನ ಗಲೇಗ ಎಂಬ ಸಸ್ಯದ ಸತ್ವದ ಜಾಡು ಹಿಡಿದು ಬಂದ ಮೆಟ್‌ಫಾರ್ಮಿನ್ ಅನ್ನು ೧೯೫೭ರಲ್ಲಿ ಫ್ರಾನ್ಸಿನ ಜಾನ್ ಸ್ಟೆರ್ನ್ ಮಧುಮೇಹಕ್ಕೆ ಬಳಸಿ ತೋರಿಸಿದರು. ಗಿಡದಲ್ಲಿ ಗುಣವಿಲ್ಲವೆಂದು ಯಾರೂ ಹೇಳುವುದಿಲ್ಲ. ಎಷ್ಟು ತೂಕಕ್ಕೆ ಎಷ್ಟು ಗುಣ, ಯಾರಿಗೆ ದೋಷ ಎಂದು ಅಳೆದು ನೋಡದ ಪುಡಿಯನ್ನು ನಂಬಿ ಅಳೆದು ನೋಡಿದ ಮಾತ್ರೆಯನ್ನು ಬಿಡುವುದೇ ಅನರ್ಥಕ್ಕೆ ಕಾರಣ.

೨೦೦೩ರ ಮಳೆಗಾಲದಲ್ಲಿ ಬರಿಗಾಲಿನಲ್ಲಿ ತೋಟಕ್ಕೆ ಹೋದ ತಮ್ಮನ ಅಂಗಾಲಿಗೆ ಮುಳ್ಳು ನೆಟ್ಟಿತು. ಮಲೆನಾಡಿನಲ್ಲಿ ಉಂಬಳ ಕಚ್ಚಿದುದು ಯಾರಿಗೂ ತಿಳಿಯುವುದಿಲ್ಲ, ರಕ್ತ ಕಂಡ ಮೇಲೆಯೇ ತಿಳಿಯುವುದು; ಆದರೆ ಮುಳ್ಳು ನೆಟ್ಟುದೂ ತಿಳಿಯಲಿಲ್ಲವೆಂದರೆ ಕಾಲಿನ ನರಗಳು ಆಗಲೇ ಮೌನ ತಾಳಿದ್ದವು. ಹದಿನೈದು ದಿನದ ಮೇಲೆ ದುರ್ಗಂಧ ಬಂದಾಗ ಘಟ್ಟ ಇಳಿಸಿ ದೊಡ್ಡ ಆಸ್ಪತ್ರೆಗೆ ಒಯ್ದರು. ಮೊಣಕಾಲಿನ ಕೆಳಗೆ ಕತ್ತರಿಸದೆ ವಿಧಿಯಿರಲಿಲ್ಲ. ಮನೆಗೆ ಬಂದು ಜಗಲಿಯಲ್ಲಿ ಮಲಗಿದ ತಮ್ಮ ಒಂದು ಸಂಜೆ ಹೇಳಿದ ಮಾತು ಇದು: “ಅಣ್ಣಯ್ಯ, ನಿನ್ನ ಪುಸ್ತಕದಲ್ಲಿ ನಿನ್ನ ಲೆಕ್ಕ ಮಾತ್ರ ಇತ್ತು.” ದೂರಿನ ದನಿಯಲ್ಲಿ ಹೇಳಿದ್ದಲ್ಲವಂತೆ. ಎಂಟು ವರ್ಷಗಳ ನಂತರ, ೨೦೧೧ರಲ್ಲಿ, ಆ ತಮ್ಮ ತೀರಿಕೊಂಡನು.

ಮೇಷ್ಟ್ರು ಆ ಮಾತಿಗೆ ಉತ್ತರವಾಗಿ ಏನನ್ನೂ ಹೇಳಿದಂತೆ ಮನೆಯವರಿಗೆ ನೆನಪಿಲ್ಲ. ಆದರೆ ಮರುವರ್ಷ ಆರೋಗ್ಯಕೇಂದ್ರದ ವೈದ್ಯರಿಂದ ಒಂದು ನೈಲಾನ್ ಎಳೆಯ ಕಡ್ಡಿಯನ್ನು ಕೇಳಿ ತಂದರು. ಎಳೆ ಬಾಗುವವರೆಗೆ ಅಂಗಾಲಿಗೆ ಒತ್ತಿದರೆ ಬೀಳುವ ಭಾರ ಹತ್ತು ಗ್ರಾಂ. ಕಣ್ಣು ಮುಚ್ಚಿಕೊಂಡವನಿಗೆ ಆ ಸ್ಪರ್ಶ ತಿಳಿದರೆ ಕಾಲು ಸುರಕ್ಷಿತ. ತಿಳಿಯದಿದ್ದರೆ ಅಪಾಯದ ಬಾಗಿಲು ತೆರೆದಿದೆಯೆಂದು ಅರ್ಥ. ಭಾನುವಾರ ಬೆಳಗ್ಗೆ ಅವರ ಜಗಲಿಗೆ ಬಂದವರು ಕೈಕಾಲು ತೊಳೆದು ಮಣೆಯ ಮೇಲೆ ಕಾಲು ಚಾಚಿ ಕುಳಿತುಕೊಳ್ಳಬೇಕು. ಎಪ್ಪತ್ತರ ಸಮೀಪದ ಉಪಾಧ್ಯಾಯರು ಬಗ್ಗಿ ಒಬ್ಬೊಬ್ಬರ ಕಾಲನ್ನು ಮುಟ್ಟಿ ನೋಡುವರು. ಮೊದಮೊದಲು ಹಳೆಯ ಶಿಷ್ಯರಿಗೆ ಇದು ಸಹಿಸಲಾಗದ ಸಂಕೋಚ. ಗುರು ಶಿಷ್ಯನ ಕಾಲು ಮುಟ್ಟುವುದುಂಟೆ? “ಲೆಕ್ಕದಲ್ಲಿ ಕೈ ತಪ್ಪಿದಾಗ ಕಿವಿ ಹಿಡಿಯಲಿಲ್ಲವೆ, ಈಗ ಕಾಲು ಹಿಡಿದರೆ ಸಮ” ಎಂದು ಅವರು ನಗಿಸುತ್ತಿದ್ದರಂತೆ. ಸ್ಪರ್ಶ ತಿಳಿಯದವರನ್ನು ಹೆಸರು ಬರೆದು ವೈದ್ಯರ ಬಳಿಗೆ ಅಟ್ಟುವುದು, ತೋಟಕ್ಕೆ ಗಂಬೂಟು ಇಲ್ಲದೆ ಇಳಿಯಬಾರದೆಂದು ಗದರಿಸುವುದು, ಬೆರಳ ಸಂದಿ ಒರಸಿಕೊಳ್ಳಲು ಹೇಳುವುದು, ಇಷ್ಟೇ ಅವರ ವೈದ್ಯ. ಔಷಧಿಯ ಮಾತನ್ನು ಅವರು ಎಂದೂ ಆಡಲಿಲ್ಲ. ಕೆರವಿಲ್ಲದೆ ನೂರು ಯೋಜನ ನಡೆಯೆಂದ ಸುಶ್ರುತನಲ್ಲಿ ಅವರಿಗೆ ಅಪಾರ ಗೌರವ. ಕೆರದ ಮಟ್ಟಿಗೆ ಮಾತ್ರ ಭಿನ್ನಾಭಿಪ್ರಾಯ.

ಇನ್ನು ಆಹಾರ. ರೋಗಿಗೆ ಏನು ಉಣ್ಣಿಸಬೇಕೆಂಬ ವಿಷಯದಲ್ಲಿ ಶಾಸ್ತ್ರಜ್ಞರು ನೂರಿನ್ನೂರು ವರ್ಷಗಳಲ್ಲಿ ಎಷ್ಟು ಸಲ ಮಗ್ಗುಲು ಬದಲಿಸಿದರೆಂಬುದು ಸ್ವಾರಸ್ಯವಾದ ಚರಿತ್ರೆ. ೧೭೯೭ರಲ್ಲಿ ಜಾನ್ ರೋಲೋ ಎಂಬ ಸೇನಾವೈದ್ಯ ಮಾಂಸಾಹಾರವೇ ಪಥ್ಯವೆಂದನು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಫ್ರೆಡರಿಕ್ ಆ್ಯಲನ್ ಉಪವಾಸವೇ ಚಿಕಿತ್ಸೆಯೆಂದನು. ಅವನ ರೋಗಿಗಳು ಸಕ್ಕರೆಯಿಂದ ಸಾಯದೆ ಕೆಲವು ಕಾಲ ಉಳಿದರು, ಕೆಲವರು ಹಸಿವಿನಿಂದ ಸತ್ತರು. ಇನ್ಸುಲಿನ್ ಬಂದ ಮೇಲೆ ಕಟ್ಟು ಸಡಿಲಿತು. ಮದರಾಸಿನ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ೧೯೪೮ರಲ್ಲಿ ಮಧುಮೇಹಕ್ಕೆಂದೇ ಪ್ರತ್ಯೇಕ ವಿಭಾಗವನ್ನು ಆರಂಭಿಸಿದ ಡಾ. ಎಂ. ವಿಶ್ವನಾಥನ್, ಧಾನ್ಯವನ್ನೇ ಉಣ್ಣುವ ದಕ್ಷಿಣದೇಶದವರಿಂದ ಧಾನ್ಯವನ್ನು ಕಸಿಯದೆ, ನಾರಿನ ಅಂಶವನ್ನು ಹೆಚ್ಚಿಸುವ ಪಥ್ಯವನ್ನು ಬೋಧಿಸಿದರು. ಯಾವ ಆಹಾರ ಎಷ್ಟು ಬೇಗ ರಕ್ತದ ಸಕ್ಕರೆಯನ್ನು ಏರಿಸುತ್ತದೆಂಬುದನ್ನು ಅಂಕಿಯಲ್ಲಿ ಹೇಳುವ ‘ಗ್ಲೈಸೀಮಿಕ್ ಸೂಚ್ಯಂಕ’ವನ್ನು ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ೧೯೮೧ರಲ್ಲಿ ಪ್ರಕಟಿಸಿದರು. ಅದೂ ಟೊರಾಂಟೊ ನಗರದಿಂದಲೇ, ಇನ್ಸುಲಿನ್ ಹುಟ್ಟಿದ ಊರಿನಿಂದ.

ಮೇಷ್ಟ್ರು ಇವನ್ನೆಲ್ಲ ಓದುವುದು ಶಿಷ್ಯರೊಬ್ಬರ ಕೃಪೆಯಿಂದ. ವೈದ್ಯರಾಗಿರುವ ಆ ಹಳೆಯ ವಿದ್ಯಾರ್ಥಿ ಲೇಖನಗಳನ್ನು ಅಚ್ಚು ಹಾಕಿಸಿ ಕಳುಹಿಸುತ್ತಾರೆ. ಪ್ರತಿಯೊಂದರ ಅಂಚಿನಲ್ಲೂ ಸೀಸದ ಕಡ್ಡಿಯಿಂದ ಮೂರು ಪ್ರಶ್ನೆ: ಎಷ್ಟು ಜನ? ಎಷ್ಟು ದಿನ? ಖರ್ಚು ಯಾರದು? ಶ್ರೀಕಾಕುಳಂನಲ್ಲಿ ಹಲಸಿನಕಾಯಿಯ ಹಿಟ್ಟನ್ನು ದಿನಕ್ಕೆ ೩೦ ಗ್ರಾಮಿನಂತೆ ಹನ್ನೆರಡು ವಾರ ಅಕ್ಕಿ ಅಥವಾ ಗೋದಿಯ ಬದಲಾಗಿ ಕೊಟ್ಟು, ಸಕ್ಕರೆ ಇಳಿದುದನ್ನು ತೋರಿಸಿದ ಪ್ರಯೋಗ ೨೦೨೧ರಲ್ಲಿ ಪ್ರಕಟವಾದಾಗ ಮಲೆನಾಡಿನಲ್ಲಿ ಸಂಭ್ರಮವೋ ಸಂಭ್ರಮ. ಹಿತ್ತಲ ಹಲಸೇ ಧನ್ವಂತರಿಯಾಯಿತೆಂದರು. ಮೇಷ್ಟ್ರ ಪ್ರತಿಯ ಅಂಚಿನಲ್ಲಿರುವುದು ‘೪೦ ಜನ’ ಎಂಬೊಂದೇ ಟಿಪ್ಪಣಿ, ಅದರ ಕೆಳಗೆ ಗೆರೆ. ಎಳೆಯ ಹಲಸಿನಕಾಯಿಯ ಪಲ್ಯವನ್ನು ಅನ್ನ ತಗ್ಗಿಸಿ ಉಂಡರೆ ಒಳಿತು ಎಂಬಷ್ಟನ್ನು ಅವರು ಒಪ್ಪುತ್ತಾರೆ. ಹಣ್ಣಾದ ಮೇಲೆ ಅದೇ ಹಲಸು ಬೇರೆ ಪದಾರ್ಥ. ಹಣ್ಣಿನ ಕಡುಬಿನಲ್ಲಿ ಧನ್ವಂತರಿ ಇಲ್ಲ.

ಪುಸ್ತಕದ ಮಾತನ್ನು ತಮ್ಮ ಮೈಮೇಲೆ ಪರೀಕ್ಷಿಸಿಕೊಳ್ಳುವ ಹಟವೂ ಅವರಿಗುಂಟು. ಒಂದೇ ತೂಕದ ಅನ್ನ, ಕುಚ್ಚಲಕ್ಕಿಯ ಗಂಜಿ, ಅಕ್ಕಿಯ ಕಡುಬು, ರಾಗಿಯ ರೊಟ್ಟಿ ಇವನ್ನು ಬೇರೆ ಬೇರೆ ದಿನ ಉಂಡು, ಮೊದಲೂ ಎರಡು ಗಂಟೆಯ ನಂತರವೂ ಬೆರಳು ಚುಚ್ಚಿಕೊಂಡರು. ರಾಗಿಯ ಮೇಲೆ ಅವರಿಟ್ಟಿದ್ದ ಭಕ್ತಿ ಅಲ್ಲಿ ಸ್ವಲ್ಪ ಕುಗ್ಗಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಹಳೆಯ ಪಟ್ಟಿಯಲ್ಲಿ ನೂರು ಗ್ರಾಂ ಅಕ್ಕಿಗೆ ೭೮ ಗ್ರಾಂ ಶರ್ಕರಪಿಷ್ಟವಾದರೆ ರಾಗಿಗೆ ೭೨. ಅಂತರ ಅಷ್ಟೇನೂ ದೊಡ್ಡದಲ್ಲ. ಸುಣ್ಣದ ಅಂಶದಲ್ಲಿ ಮಾತ್ರ ರಾಗಿಯ ೩೪೪ ಮಿಲಿಗ್ರಾಮಿನ ಮುಂದೆ ಅಕ್ಕಿಯ ೧೦ ನಿಲ್ಲಲಾರದು, ನಾರೂ ರಾಗಿಯಲ್ಲೇ ಹೆಚ್ಚು. ನುಣ್ಣಗೆ ಬೀಸಿ ಗಂಜಿ ಕಾಯಿಸಿ ಲೋಟದಲ್ಲಿ ಕುಡಿದರೆ ರಾಗಿಯೂ ಅಕ್ಕಿಯ ದಾರಿಯನ್ನೇ ಹಿಡಿಯಿತು. ಧಾನ್ಯದ ಹೆಸರಿಗಿಂತ ಅದರ ಪ್ರಮಾಣ, ಬೀಸಿದ ಬಗೆ, ಜೊತೆಗೆ ಉಂಡ ಕಾಳು ಸೊಪ್ಪು ಇವುಗಳೇ ಅವರ ಪುಸ್ತಕದಲ್ಲಿ ಹೆಚ್ಚು ಮಾತಾಡಿದವು. ಮೊದಲು ತರಕಾರಿ, ಕಾಳು; ಕೊನೆಯಲ್ಲಿ ಅನ್ನ. ಹೀಗೆ ಉಣ್ಣುವ ಕ್ರಮವನ್ನು ಬದಲಿಸಿದರೇ ಸಕ್ಕರೆಯ ಏರಿಕೆ ತಗ್ಗುತ್ತದೆಂದು ೨೦೧೫ರಲ್ಲಿ ಅಮೆರಿಕದ ಸಣ್ಣ ಪ್ರಯೋಗವೊಂದು ತೋರಿಸಿತು. ಎಲೆಯ ತುದಿಯಲ್ಲಿ ಕೋಸಂಬರಿ, ಪಲ್ಯಗಳನ್ನು ಮೊದಲು ಬಡಿಸುವುದು ಹೇಗೂ ನಮ್ಮ ಸಂಪ್ರದಾಯ. ಅನ್ನ ಬರುವವರೆಗೆ ಅವನ್ನು ಮುಟ್ಟದೆ ಕಾಯುವುದೂ ಸಂಪ್ರದಾಯವೇ. ಮನೆಯಲ್ಲಿ ಈ ಎರಡನೆಯದನ್ನು ಮೇಷ್ಟ್ರು ರದ್ದುಪಡಿಸಿದರು.

ಬಿಟ್ಟುದರಲ್ಲಿ ಅವರಿಗೆ ಕಷ್ಟವಾದುದು ಎರಡು. ಒಂದು ಜೋನಿಬೆಲ್ಲ, ದೋಸೆಯ ಮೇಲೆ ಜೋನಿಬೆಲ್ಲ, ಅದರ ಮೇಲೆ ತುಪ್ಪ ಎಂಬ ಬಾಲ್ಯದ ರುಚಿಗೆ ಪರ್ಯಾಯವಿಲ್ಲ. ಬೆಲ್ಲ ಸಕ್ಕರೆಯಲ್ಲವೆಂದು ಸಮಾಧಾನ ಹೇಳಿಕೊಳ್ಳುವವರ ಸಂಖ್ಯೆ ಆ ಸೀಮೆಯಲ್ಲಿ ದೊಡ್ಡದು. ರಕ್ತ ಆ ಭೇದವನ್ನು ಬಹುಮಟ್ಟಿಗೆ ಮಾನ್ಯಮಾಡುವುದಿಲ್ಲ. ಇನ್ನೊಂದು ಎಲೆಯಡಿಕೆ. ಅಡಿಕೆಯನ್ನೇ ಬೆಳೆದು ಮಕ್ಕಳನ್ನು ಓದಿಸಿದ ಮನೆಯಲ್ಲಿ, ಅಡಿಕೆ ಜಗಿಯುವ ಅಭ್ಯಾಸಕ್ಕೂ ಮಧುಮೇಹಕ್ಕೂ ನಂಟುಂಟೆಂದು ಸಂಶೋಧನೆಗಳು ಸೂಚಿಸಿವೆ ಎಂಬುದನ್ನು ಊರಿನ ಪಂಕ್ತಿಯಲ್ಲಿ ಹೇಳಲು ಧೈರ್ಯ ಬೇಕು. ಅವರು ಹೇಳಲಿಲ್ಲ; ತಟ್ಟೆ ಮುಂದೆ ಬಂದಾಗ ಕೈಮುಗಿದು ಪಕ್ಕಕ್ಕೆ ಸರಿಸಿದರು, ಅಷ್ಟೆ.

ಮೇಳಿಗೆಯೆಂದರೆ ನಾಡಿಗೆ ನೆನಪಾಗುವ ಹೆಸರು ಡಾ. ಯು. ಆರ್. ಅನಂತಮೂರ್ತಿಯವರದು. ೧೯೩೨ರ ಡಿಸೆಂಬರ್ ೨೧ರಂದು ಅವರು ಹುಟ್ಟಿದ್ದು ಅಲ್ಲಿಯೇ. ಜ್ಞಾನಪೀಠದ ಗೌರವವನ್ನು ೧೯೯೪ನೆಯ ಸಾಲಿನಲ್ಲಿ ಪಡೆದ ಅವರ ಕೊನೆಯ ವರ್ಷಗಳು ಮಧುಮೇಹ, ಹೃದಯದ ತೊಂದರೆ, ಮೂತ್ರಪಿಂಡದ ವಿಕಾರ ಇವುಗಳ ನಡುವೆ, ಡಯಾಲಿಸಿಸ್ಸಿನ ಆಸರೆಯಲ್ಲಿ ಕಳೆದುವು. ಆ ಸ್ಥಿತಿಯಲ್ಲಿಯೂ ‘ಸುರಗಿ’ಯಂಥ ಆತ್ಮಕಥನ ೨೦೧೨ರಲ್ಲಿ ಹೊರಬಂತು, ಸಭೆ, ವಾದ, ಬರೆವಣಿಗೆ ಯಾವುದೂ ನಿಲ್ಲಲಿಲ್ಲ. ಅವರ ಅಭಿಪ್ರಾಯಗಳನ್ನು ಒಪ್ಪಲಿ ಬಿಡಲಿ, ದೇಹ ಹೀಗೆ ಸಾಲ ಕೇಳುತ್ತಿರುವಾಗ ಬುದ್ಧಿಯನ್ನು ಋಣಮುಕ್ತವಾಗಿ ಇಟ್ಟುಕೊಂಡುದು ದೊಡ್ಡ ಸಾಹಸವೆಂಬುದನ್ನು ಯಾರೂ ಒಪ್ಪಬೇಕು. ೨೦೧೪ರ ಆಗಸ್ಟ್ ೨೨ರಂದು ಬೆಂಗಳೂರಿನಲ್ಲಿ ಅವರು ನಿಧನರಾದ ಸುದ್ದಿ ಬಂದ ಮರುವಾರವೇ ಮೇಷ್ಟ್ರು ಶಿವಮೊಗ್ಗಕ್ಕೆ ಹೋಗಿ ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದೆಯೇ ಎಂಬ ಪರೀಕ್ಷೆ ಮಾಡಿಸಿಕೊಂಡರು. ಮೂತ್ರಪಿಂಡ ಸೋಲುವುದಕ್ಕೆ ಎಷ್ಟೋ ಮೊದಲೇ ಈ ಸೋರಿಕೆ ಕಾಣಿಸುವುದೆಂದೂ, ನೋವಿಲ್ಲವೆಂಬ ಕಾರಣಕ್ಕೆ ಜನ ಇದನ್ನು ಬಿಟ್ಟುಬಿಡುತ್ತಾರೆಂದೂ ವೈದ್ಯರು ಹೇಳಿದರು. ವರ್ಷಕ್ಕೊಮ್ಮೆ ಆ ಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣಿನ ಪಟಲದ ಪರೀಕ್ಷೆ ಅಂದಿನಿಂದ ಪಂಚಾಂಗದಲ್ಲಿ ಗುರುತಾಗಿವೆ.

ಮಠಮಾನ್ಯಗಳ, ಮದುವೆ ಮುಂಜಿಗಳ ಪಂಕ್ತಿಯಲ್ಲಿ ಮಧುಮೇಹಿಯ ಪಾಡು ವಿವರಣೆಗೆ ನಿಲುಕದು. ಪ್ರಸಾದವನ್ನು ಎಲೆಯಲ್ಲಿ ಬಿಡುವಂತಿಲ್ಲ. ಬಡಿಸುವವರ ಒತ್ತಾಯವನ್ನು ಕಡೆಗಣಿಸುವಂತಿಲ್ಲ. ಕೆಳದಿಯ ಬಸಪ್ಪನಾಯಕನು ತನ್ನ ‘ಶಿವತತ್ತ್ವರತ್ನಾಕರ’ದಲ್ಲಿ ಪಾಕಶಾಸ್ತ್ರಕ್ಕೂ ಎಡೆಯಿತ್ತ ಸೀಮೆಯಿದು, ಉಣಬಡಿಸುವುದರಲ್ಲಿ ಇಲ್ಲಿನವರು ಸೋಲುವವರಲ್ಲ. ಮೇಷ್ಟ್ರು ಕಂಡುಕೊಂಡ ಉಪಾಯವೆಂದರೆ ಕುಳಿತುಕೊಳ್ಳುವ ಮೊದಲೇ ಬಡಿಸುವ ಹುಡುಗನನ್ನು ಕರೆದು, “ತಮ್ಮಾ, ನನಗೆ ಪಲ್ಯ ಎರಡು ಸಲ, ಅನ್ನ ಒಂದು ಸಲ, ಸಿಹಿ ಬೆರಳ ತುದಿಯಷ್ಟು” ಎಂದು ಒಪ್ಪಂದ ಮಾಡಿಕೊಳ್ಳುವುದು. ಬೆರಳ ತುದಿಯಷ್ಟಾದರೂ ಸ್ವೀಕರಿಸಿದರೆ ಪ್ರಸಾದಕ್ಕೆ ಲೋಪವಿಲ್ಲ, ದೇಹಕ್ಕೂ ದ್ರೋಹವಿಲ್ಲ. ದಾನಿಗಳು ಇನ್ನೊಂದನ್ನು ಯೋಚಿಸಬಹುದು. ವಿದ್ಯಾರ್ಥಿನಿಲಯದ ಮಕ್ಕಳಿಗೆ ಹಿರಿಯರ ಸ್ಮರಣಾರ್ಥ ಹೋಳಿಗೆ, ಲಾಡು ಮಾಡಿಸುವವರು ಅನೇಕರು. ತಿಂಗಳ ಹೆಸರುಕಾಳು, ದಿನದ ಸೊಪ್ಪು ತರಕಾರಿಯ ಲೆಕ್ಕ ಹೊರುವವರು ಕಡಿಮೆ. ಬಿಳಿಯ ಅನ್ನ, ತೆಳುಸಾರು ಉಂಡು ಬೆಳೆದ ಹುಡುಗ ನಲವತ್ತರಲ್ಲಿ ಏನಾಗುತ್ತಾನೆಂಬುದು ಇಂದು ಊಹೆಯ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನ ಸಮೀಕ್ಷೆ ೨೦೨೩ರಲ್ಲಿ ದೇಶದ ಮಧುಮೇಹಿಗಳು ಹತ್ತು ಕೋಟಿಗೂ ಮಿಗಿಲೆಂದು, ಅದರ ಹೊಸ್ತಿಲಲ್ಲಿರುವವರು ೧೩.೬ ಕೋಟಿಯೆಂದು ಅಂದಾಜಿಸಿತು. ಹೊಸ್ತಿಲಲ್ಲಿರುವವರು ನಡಿಗೆ, ಆಹಾರಗಳಿಂದಲೇ ಹಿಂದಿರುಗಬಹುದೆಂದು ೨೦೦೬ರಲ್ಲಿ ಪ್ರಕಟವಾದ ಚೆನ್ನೈನ ಅಧ್ಯಯನ ತೋರಿಸಿತು: ೫೩೧ ಜನರಲ್ಲಿ, ಹಾಗೆ ನಡೆದುಕೊಂಡವರಿಗೆ ರೋಗದ ಸಂಭವ ಶೇಕಡ ೨೮ರಷ್ಟು ತಗ್ಗಿತು.

ಉಪಾಧ್ಯಾಯರು ತಿಳಿದಿರಬೇಕಾದ ಬೇರೊಂದು ಬಗೆಯುಂಟು. ಅದು ಊಟದಿಂದ ಬಂದುದಲ್ಲ, ಮಗುವಿನ ತಪ್ಪೂ ಅಲ್ಲ. ಮೇದೋಜೀರಕದಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗುವುದು. ೧೯೨೧ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಟೊರಾಂಟೊದಲ್ಲಿ ಕಂಡುಹಿಡಿದ ಇನ್ಸುಲಿನ್ನನ್ನು ೧೯೨೨ರ ಜನವರಿಯಲ್ಲಿ ಮೊದಲು ಪಡೆದ ಲಿಯೊನಾರ್ಡ್ ಥಾಂಪ್ಸನ್ನನಿಗೆ ಇನ್ನೂ ಶಾಲೆಗೆ ಹೋಗುವ ವಯಸ್ಸು. ಅದರ ಹಕ್ಕನ್ನು ಒಂದೊಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟ ಆ ಮಹನೀಯರ ಔದಾರ್ಯವನ್ನು ದಾಸೋಹವೆನ್ನದೆ ಏನೆನ್ನಬೇಕು? ಮೇಷ್ಟ್ರ ಶಾಲೆಯಲ್ಲೂ ೧೯೯೮ರಲ್ಲಿ ಹಾಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಒಬ್ಬ ಹುಡುಗಿ ಇದ್ದಳು. ಅರ್ಧವಾರ್ಷಿಕ ಪರೀಕ್ಷೆಯ ದಿನ ಬೆವರಿ, ನಡುಗಿ, ಪ್ರಶ್ನೆಪತ್ರಿಕೆಯ ಮೇಲೆ ಏನೇನೋ ಗೀಚತೊಡಗಿದಳು. ಮೇಲ್ವಿಚಾರಕರು ಅದನ್ನು ಉಡಾಫೆಯೆಂದು ತಿಳಿದರು. ಪಕ್ಕದ ಕೋಣೆಯಿಂದ ಬಂದ ಮೇಷ್ಟ್ರು ತಮ್ಮ ಜೇಬಿನ ಬೆಲ್ಲದ ತುಂಡನ್ನು ಅವಳ ಬಾಯಿಗಿಟ್ಟು, ಮೂರು ಚಮಚ ಸಕ್ಕರೆಯ ನೀರು ತರಿಸಿದರು. ಸಕ್ಕರೆ ೭೦ಕ್ಕಿಂತ ಕೆಳಗಿಳಿದರೆ ನಿಮಿಷಗಳ ಪ್ರಶ್ನೆ. ವಿಷವೆಂದು ದೂರವಿಟ್ಟುದೇ ಅಲ್ಲಿ ಅಮೃತ. ಕಾಲು ಗಂಟೆಯಲ್ಲಿ ಹುಡುಗಿ ಎದ್ದು ಕುಳಿತು ಉಳಿದ ಲೆಕ್ಕಗಳನ್ನು ಮಾಡಿದಳು. ಈಗ ಆಕೆ ಶಿವಮೊಗ್ಗದಲ್ಲಿ ಉದ್ಯೋಗದಲ್ಲಿದ್ದಾಳೆ, ಎರಡು ಮಕ್ಕಳ ತಾಯಿ.

ಕಳೆದ ವರ್ಷ ಬೆಂಗಳೂರಿನ ಮೊಮ್ಮಗಳು ಅಜ್ಜನಿಗೆ ಹೊಸದೊಂದನ್ನು ತಂದುಕೊಟ್ಟಳು: ತೋಳಿಗೆ ಅಂಟಿಸುವ ನಾಣ್ಯದಗಲದ ಬಿಲ್ಲೆ. ಚರ್ಮದ ಕೆಳಗಿನ ದ್ರವದ ಸಕ್ಕರೆಯನ್ನು ಅದು ಹದಿನಾಲ್ಕು ದಿನ ಹಗಲಿರುಳೂ ಅಳೆದು ಮೊಬೈಲಿನಲ್ಲಿ ಗೆರೆಯಾಗಿ ಬರೆಯುತ್ತದೆ; ರಕ್ತದ ಅಂಕಿಗಿಂತ ಕೆಲವು ನಿಮಿಷ ಹಿಂದೆ. ನಾಲ್ವತ್ತು ವರ್ಷ ಚುಕ್ಕಿಗಳನ್ನು ಬರೆದವರು ಮೊದಲ ಸಲ ಗೆರೆಯನ್ನು ಕಂಡರು. ಕಡುಬಿನ ಏರುಘಟ್ಟ, ಸಂಜೆಯ ನಡಿಗೆಯ ಇಳುಕಲು ಎಲ್ಲವೂ ಅವರು ಬಲ್ಲವೇ. ಅವರಿಗೆ ತಿಳಿಯದೆ ಇದ್ದುದು ಒಂದು: ರಾತ್ರಿ ಮೂರು ಗಂಟೆಯ ಸುಮಾರಿಗೆ, ಸದ್ದಿಲ್ಲದ ನಿದ್ರೆಯಲ್ಲಿ, ಗೆರೆ ಆರು ದಿನ ೭೦ರ ಕೆಳಗೆ ಇಳಿದಿತ್ತು. ಬೆಳಗಿನ ಅಂಕಿ ಚೆನ್ನಾಗಿದೆಯೆಂದು ತಾವು ಹಿಗ್ಗುತ್ತಿದ್ದ ದಿನಗಳೇ ಅವು. ವೈದ್ಯರು ಗೆರೆಯನ್ನು ನೋಡಿ ರಾತ್ರಿಯ ಇನ್ಸುಲಿನ್ನನ್ನು ತಗ್ಗಿಸಿದರು. ಎಂಬತ್ತು ದಾಟಿದವರಿಗೆ ಅಂಕಿ ತುಸು ಮೇಲಿದ್ದರೂ ಸರಿ, ರಾತ್ರಿ ಕುಸಿಯಕೂಡದೆಂದರು. ಹನ್ನೆರಡನೆಯ ದಿನ ತೋಟದಲ್ಲಿ ಬಾಗಿ ಅಡಿಕೆ ಹೆಕ್ಕುವಾಗ ಬಿಲ್ಲೆ ಕಳಚಿ ಎಲ್ಲಿಯೋ ಬಿತ್ತು. ಮೇಷ್ಟ್ರು ಮನೆಗೆ ಬಂದು ನೋಟುಪುಸ್ತಕದಲ್ಲಿ ತಾರೀಖು ಬರೆದು, ‘ಯಂತ್ರ ಬಿತ್ತು, ಮಧ್ಯಾಹ್ನ ಬೆರಳು, ೧೪೨’ ಎಂದು ನಮೂದಿಸಿದರು.